ಥಂಡಿಗೆ ಆಟದ ಬಯಲು ಖಾಲಿಯಾಗುತ್ತದೆಯೇ?

ಮಕ್ಕಳೇ, ಜನವರಿ ತಿಂಗಳ ಒಂದು ಸಂಜೆಯನ್ನು ನೆನಪಿಸಿಕೊಳ್ಳಿ. ಊರ ಹೊರಗಿನ ಬಯಲಿನಲ್ಲಿ ಕಬಡ್ಡಿ ಪಂದ್ಯ ಇದೆ. ಸುಣ್ಣದ ಗೆರೆ ಎಳೆದಾಗಿದೆ. ಧ್ವನಿವರ್ಧಕ ಒಂದೇ ಸಮನೆ ಕೂಗುತ್ತಿದೆ. ಎರಡೂ ತಂಡಗಳು ಬಂದು ನಿಂತಿವೆ. ಆದರೆ ನೋಡುವ ಜನರೇ ಇಲ್ಲ! ದಸರೆಯ ಹೊತ್ತಿಗೆ ಇದೇ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಏನು ಕಾರಣ? ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತ ಅಜ್ಜನನ್ನು ಕೇಳಿದರೆ, "ಥಂಡಿ ಭಾಳ ಐತಿ ತಮ್ಮಾ, ಮಂದಿ ಹ್ಯಾಂಗ ಬರ್ತಾರ?" ಎನ್ನುತ್ತಾರೆ.

ಅಜ್ಜನ ಉತ್ತರ ಸರಿ ಎಂದೇ ಕಾಣುತ್ತದೆ. ಚಳಿ ಹೆಚ್ಚಿದೆ, ಜನ ಕಡಿಮೆ ಇದ್ದಾರೆ. ಎರಡೂ ಕಣ್ಣಿಗೆ ಕಾಣುವ ಸಂಗತಿಗಳು. ಆದರೆ ಎರಡು ಸಂಗತಿಗಳು ಒಟ್ಟಿಗೆ ನಡೆದವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಬಹುದೇ? ಕೋಳಿ ಕೂಗಿದ ಮೇಲೆ ಸೂರ್ಯ ಹುಟ್ಟುತ್ತಾನೆ. ಕೋಳಿ ಕೂಗಿದ್ದರಿಂದಲೇ ಸೂರ್ಯ ಹುಟ್ಟಿದ ಎಂದು ಯಾರೂ ಹೇಳುವುದಿಲ್ಲ, ಅಲ್ಲವೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಮಕ್ಕಳು ಈ ಪ್ರಶ್ನೆಯನ್ನು ತಾವೇ ಪರೀಕ್ಷಿಸಿ ನೋಡಬಹುದು. ಅದಕ್ಕೂ ಮೊದಲು, ನಮ್ಮ ಥಂಡಿ ಏನೇನೂ ಅಲ್ಲ ಎನ್ನಿಸುವಂಥ ಚಳಿ ಬೀಳುವ ದೇಶಗಳಿಗೆ ಒಮ್ಮೆ ಹೋಗಿ ಬರೋಣ. ಅಲ್ಲಿಯ ಚಳಿಗಾಲದ ದೊಡ್ಡ ಆಟವೆಂದರೆ ಹಾಕಿ. ಆದರೆ ಅದು ನಮ್ಮ ಹುಲ್ಲಿನ ಮೈದಾನದ ಹಾಕಿ ಅಲ್ಲ.

ಮಂಜುಗಡ್ಡೆಯ ಮೇಲಿನ ಹಾಕಿ

ಕೆನಡಾ ಮತ್ತು ಅಮೆರಿಕ ದೇಶಗಳಲ್ಲಿ ಐಸ್ ಹಾಕಿ ಬಹಳ ಜನಪ್ರಿಯ. ಆಟಗಾರರು ಉಕ್ಕಿನ ಅಲಗು ಇರುವ ಬೂಟು ತೊಟ್ಟು ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡುತ್ತಾರೆ. ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ ಇರುತ್ತದೆ. ಅದನ್ನು ಪಕ್ ಎನ್ನುತ್ತಾರೆ. ಸಂಬಳ ಪಡೆದು ಆಡುವ ವೃತ್ತಿಪರ ತಂಡಗಳ ಪಂದ್ಯಗಳು ಅಕ್ಟೋಬರ್‌ನಿಂದ ಶುರುವಾಗಿ ಚಳಿಗಾಲವಿಡೀ ನಡೆಯುತ್ತವೆ.

ಈ ಪಂದ್ಯಗಳು ಸಾಮಾನ್ಯವಾಗಿ ದೊಡ್ಡ ಕಟ್ಟಡದ ಒಳಗೆ ನಡೆಯುತ್ತವೆ. ನೆಲದ ಕಾಂಕ್ರೀಟಿನೊಳಗೆ ಸಾಲು ಸಾಲು ಕೊಳವೆಗಳಿದ್ದು, ಅವುಗಳಲ್ಲಿ ಬಹಳ ತಣ್ಣಗಿನ ಉಪ್ಪುನೀರು ಅಥವಾ ಅಂಥದೇ ದ್ರವ ಹರಿಯುತ್ತಿರುತ್ತದೆ. ಉಪ್ಪುನೀರೇ ಏಕೆ? ಸಾದಾ ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪು ಕರಗಿಸಿದ ನೀರು ಅದಕ್ಕಿಂತ ಕೆಳಗೂ ದ್ರವವಾಗಿಯೇ ಉಳಿದು ಕೊಳವೆಯಲ್ಲಿ ಹರಿಯುತ್ತದೆ. ಅದರ ಮೇಲಿನ ನೆಲಕ್ಕೆ ಸಾದಾ ನೀರು ಚಿಮುಕಿಸಿದರೆ ಅದು ಗಡ್ಡೆಯಾಗುತ್ತದೆ. ಹೀಗೆ ತೆಳುವಾದ ಪದರದ ಮೇಲೆ ಪದರ ಕಟ್ಟಿ ಅಂಗಳ ಸಿದ್ಧಪಡಿಸುತ್ತಾರೆ. ಜನ ಕೂರುವ ಕಡೆ ಮಾತ್ರ ಅಷ್ಟು ಚಳಿ ಇರುವುದಿಲ್ಲ. ಸ್ವೆಟರ್ ಹಾಕಿಕೊಂಡರೆ ಸಾಕು.

ಅಂದರೆ ಹೊರಗೆ ಎಂಥದೇ ಚಳಿ ಇರಲಿ, ಒಳಗೆ ಕುಳಿತವರಿಗೆ ತೊಂದರೆ ಇಲ್ಲ. ಹಾಗಿದ್ದರೆ ಹವಾಮಾನ ಕೆಟ್ಟಾಗಲೂ ಪ್ರೇಕ್ಷಕರು ಅಷ್ಟೇ ಸಂಖ್ಯೆಯಲ್ಲಿ ಬರಬೇಕಲ್ಲವೇ? ಮೂರು ಪಂದ್ಯಗಳ ಲೆಕ್ಕ ನೋಡೋಣ.

ಮೊದಲನೆಯದು 1987ರ ಜನವರಿ 22ರದು. ಅಮೆರಿಕದ ನ್ಯೂಜೆರ್ಸಿ ಡೆವಿಲ್ಸ್ ಎಂಬ ತಂಡಕ್ಕೂ ಕೆನಡಾದ ಕ್ಯಾಲ್ಗರಿ ಫ್ಲೇಮ್ಸ್ ತಂಡಕ್ಕೂ ಪಂದ್ಯ. ಆ ಕಟ್ಟಡದಲ್ಲಿ ಸುಮಾರು 19,000 ಜನ ಕೂರಬಹುದಿತ್ತು. ಸಾವಿರಾರು ಟಿಕೆಟುಗಳು ಮೊದಲೇ ಮಾರಾಟವಾಗಿದ್ದವು. ಆದರೆ ಆ ದಿನ ಭಾರಿ ಹಿಮ ಬಿರುಗಾಳಿ ಬೀಸಿತು. ರಸ್ತೆಗಳೆಲ್ಲ ಹಿಮದಡಿ ಮುಚ್ಚಿಹೋದವು. ಆಟಗಾರರೇ ಹೊತ್ತಿಗೆ ಸರಿಯಾಗಿ ತಲುಪಲಾರದೆ ಪಂದ್ಯ ಗಂಟೆಗೂ ಹೆಚ್ಚು ತಡವಾಗಿ ಶುರುವಾಯಿತು. ಪ್ರೇಕ್ಷಕರು ಎಷ್ಟು ಮಂದಿ ಬಂದಿದ್ದರು ಗೊತ್ತೇ? ಬರೀ 334! ನಮ್ಮ ಒಂದು ದೊಡ್ಡ ಶಾಲೆಯ ಮಕ್ಕಳಷ್ಟೂ ಇಲ್ಲ. ಎಣಿಸಲು ಅಷ್ಟು ಸುಲಭವಾಗಿದ್ದರಿಂದ ಬಂದವರ ಹೆಸರನ್ನೇ ಬರೆದುಕೊಂಡರು. ಅವರನ್ನು ಇಂದಿಗೂ '334ರ ಕ್ಲಬ್' ಎಂದು ಕರೆಯುತ್ತಾರೆ. ಅಂದಹಾಗೆ, ಡೆವಿಲ್ಸ್ ತಂಡ 7-5 ಗೋಲುಗಳಿಂದ ಗೆದ್ದಿತು.

ಎರಡನೆಯದು 2003ರ ನವೆಂಬರ್ 22ರದು. ಕೆನಡಾದ ಎಡ್ಮಂಟನ್ ನಗರ. ಈ ಸಲ ಪಂದ್ಯ ಕಟ್ಟಡದೊಳಗೆ ಅಲ್ಲ, ಮೇಲೆ ಆಕಾಶವೇ ಮಾಡಾದ ತೆರೆದ ಕ್ರೀಡಾಂಗಣದಲ್ಲಿ. ಉಷ್ಣತೆ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್. ಹೊರಗಿಟ್ಟ ನೀರಿನ ತಂಬಿಗೆ ನೋಡನೋಡುತ್ತಲೇ ಗಡ್ಡೆಯಾಗತೊಡಗುವ ಚಳಿ. ಮಾಂಟ್ರಿಯಲ್ ತಂಡದ ಗೋಲ್‌ಕೀಪರ್ ತನ್ನ ಮುಖಗವಚದ ಮೇಲೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಆಡಿದ. ಪ್ರೇಕ್ಷಕರು 57,167!

ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಬೆಚ್ಚಗಿನ ಕಟ್ಟಡಕ್ಕೆ 334 ಜನ. ಮೈ ಕೊರೆಯುವ ಬಯಲಿಗೆ ಐವತ್ತೇಳು ಸಾವಿರ ಜನ. ಅಜ್ಜನ ಉತ್ತರ ಅಲುಗಾಡಿತಲ್ಲವೇ? ಜನರನ್ನು ತಡೆದದ್ದು ಉಷ್ಣತೆಯಲ್ಲ, ದಾರಿ ಎಂದು ನಿಮಗೀಗ ಅನ್ನಿಸಬಹುದು. ಹಿಮ ಬಿದ್ದು ದಾರಿ ಮುಚ್ಚಿತು, ಆದ್ದರಿಂದ ಜನ ಬರಲಿಲ್ಲ.

ಸ್ವಲ್ಪ ತಾಳಿ. ಮೂರನೆಯ ಲೆಕ್ಕ ಇನ್ನೂ ಇದೆ. 2014ರ ಜನವರಿ 1ರಂದು ಅಮೆರಿಕದ ಮಿಶಿಗನ್ ಕ್ರೀಡಾಂಗಣದಲ್ಲಿ ನಡೆದ ಬಯಲು ಪಂದ್ಯ. ಉಷ್ಣತೆ ಸುಮಾರು ಮೈನಸ್ 11 ಡಿಗ್ರಿ. ಆಟದುದ್ದಕ್ಕೂ ಹಿಮ ಸುರಿಯುತ್ತಿತ್ತು. ಆದರೂ ಪ್ರೇಕ್ಷಕರ ಲೆಕ್ಕ 1,05,491!

ಹಿಮವೂ ಬಿತ್ತು, ಜನವೂ ಬಂದರು. ಈಗೇನು ಹೇಳುತ್ತೀರಿ? ದಿನಾಂಕಗಳನ್ನು ಮತ್ತೊಮ್ಮೆ ಗಮನಿಸಿ. 1987ರ ಆ ದಿನ ಗುರುವಾರ, ಕೆಲಸದ ದಿನ. 2003ರದು ಶನಿವಾರ. 2014ರದು ಹೊಸ ವರ್ಷದ ಮೊದಲ ದಿನ, ಎಲ್ಲರಿಗೂ ರಜೆ. ಅಲ್ಲದೆ ಬಯಲಿನಲ್ಲಿ ಆಡುವ ದೊಡ್ಡ ಪಂದ್ಯ ಆ ದೇಶಗಳಲ್ಲಿ ಅಪರೂಪ. ತಿಂಗಳುಗಟ್ಟಲೆ ಮೊದಲೇ ಟಿಕೆಟು ಕೊಂಡು, ಬೆಚ್ಚಗಿನ ಬಟ್ಟೆ ಕಟ್ಟಿಕೊಂಡು ಸಿದ್ಧರಾಗಿ ಬಂದವರು ಅವರು. ಗುರುವಾರದ ಪಂದ್ಯವಾದರೋ ವಾರವಾರ ನಡೆಯುವ ಹತ್ತಾರು ಪಂದ್ಯಗಳಲ್ಲಿ ಒಂದು. ಇದು ತಪ್ಪಿದರೆ ಮುಂದಿನದು ನೋಡಿದರಾಯಿತು!

ನೋಡಿದಿರಾ? ಉಷ್ಣತೆ, ದಾರಿ, ವಾರ, ರಜೆ, ಪಂದ್ಯದ ಅಪರೂಪತೆ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿವೆ. ಅವನ್ನು ಬಿಡಿಸದೆ ಒಂದೇ ಒಂದನ್ನು ಹಿಡಿದು 'ಇದೇ ಕಾರಣ' ಎನ್ನುವಂತಿಲ್ಲ.

ಇನ್ನೊಂದು ಸಣ್ಣ ಎಚ್ಚರಿಕೆ. ಅಲ್ಲಿಯ ವೃತ್ತಿಪರ ಹಾಕಿಯಲ್ಲಿ ಪತ್ರಿಕೆಗೆ ಕೊಡುವ ಪ್ರೇಕ್ಷಕರ ಸಂಖ್ಯೆ ಸಾಮಾನ್ಯವಾಗಿ ಹಂಚಿದ ಟಿಕೆಟುಗಳ ಲೆಕ್ಕ, ಬಂದು ಕುಳಿತವರ ಲೆಕ್ಕ ಅಲ್ಲ. ಟಿಕೆಟು ಕೊಂಡು ಮನೆಯಲ್ಲೇ ಉಳಿದವರೂ ಅದರಲ್ಲಿ ಸೇರಿರುತ್ತಾರೆ. ಚಳಿಯ ಪರಿಣಾಮ ತಿಳಿಯಬೇಕಾದರೆ ಟಿಕೆಟು ಎಣಿಸಿದರೆ ಸಾಲದು, ತಲೆ ಎಣಿಸಬೇಕು.

ಕೌದಿಯ ಗುಟ್ಟು

ಮೈನಸ್ 18 ಡಿಗ್ರಿಯಲ್ಲಿ ಜನ ಮೂರು ಗಂಟೆ ಕುಳಿತದ್ದಾದರೂ ಹೇಗೆ? ಉತ್ತರ ನಿಮ್ಮ ಮನೆಯಲ್ಲೇ ಇದೆ. ಅವ್ವ, ಆಯಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಇದೆಯಲ್ಲ, ಅದನ್ನು ಹೊದ್ದರೆ ಏಕೆ ಬೆಚ್ಚಗಾಗುತ್ತದೆ? ಕೌದಿ ತಾನೇ ಶಾಖ ಉಂಟುಮಾಡುವುದಿಲ್ಲ. ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ, ಅದು ಅವಾಹಕ. ಹೀಗಾಗಿ ನಮ್ಮ ಮೈಯ ಶಾಖ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ಎಡ್ಮಂಟನ್ನಿನ ಜನರೂ ಅಂಗಿಯ ಮೇಲೆ ಅಂಗಿ, ಅದರ ಮೇಲೆ ಕೋಟು ಹಾಕಿ ಮಾಡಿದ್ದು ಇದನ್ನೇ.

ಗಾಳಿ ಬೀಸಿದರೆ ಚಳಿ ಹೆಚ್ಚೆನಿಸುವುದಕ್ಕೂ ಇದೇ ಕಾರಣ. ನಮ್ಮ ಮೈ ತನ್ನ ಸುತ್ತಲಿನ ಗಾಳಿಯ ತೆಳು ಪದರವನ್ನು ಬೆಚ್ಚಗೆ ಮಾಡಿಕೊಂಡಿರುತ್ತದೆ. ಬೀಸುಗಾಳಿ ಆ ಪದರವನ್ನು ಹೊತ್ತೊಯ್ಯುತ್ತದೆ. ಮೈ ಮತ್ತೆ ಹೊಸ ಗಾಳಿಯನ್ನು ಕಾಯಿಸಬೇಕು. ಒಣಗಿದ ಥರ್ಮಾಮೀಟರನ್ನು ಗಾಳಿಗೆ ಹಿಡಿದರೆ ಮಾತ್ರ ಅದು ಕಡಿಮೆ ತೋರಿಸುವುದಿಲ್ಲ. ನಿಮಗೆ ಚಳಿಯಾದಷ್ಟು ಅದಕ್ಕೆ ಆಗುವುದಿಲ್ಲ!

ಆಟದ ಕಾಲವನ್ನು ಆರಿಸುವುದು

ನಮ್ಮ ದೇಶದ ಹಾಕಿಗೆ ಬರೋಣ. ವೃತ್ತಿಪರ ಆಟಗಾರರ ಹಾಕಿ ಇಂಡಿಯಾ ಲೀಗ್ 2013ರ ಜನವರಿಯಲ್ಲಿ ಶುರುವಾಯಿತು. 2017ರ ನಂತರ ನಿಂತಿದ್ದ ಅದು 2024ರ ಡಿಸೆಂಬರ್‌ನಲ್ಲಿ ಮತ್ತೆ ಆರಂಭವಾಯಿತು. ಎರಡು ಸಲವೂ ಆರಿಸಿಕೊಂಡದ್ದು ಚಳಿಗಾಲವನ್ನೇ. ಅಲ್ಲಿ ಚಳಿ ಶತ್ರುವಲ್ಲ, ಸ್ನೇಹಿತ. ಮೇ ತಿಂಗಳ ಬಿಸಿಲಿನಲ್ಲಿ ಓಡಿ ಆಡುವುದನ್ನು ಊಹಿಸಿಕೊಂಡರೆ ಗೊತ್ತಾಗುತ್ತದೆ.

ನಮ್ಮ ರಾಜ್ಯದ ಕೊಡಗಿನಲ್ಲಿ ಹಾಗಲ್ಲ. ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವವನ್ನು ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಉತ್ಸವದಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ಈ ಉತ್ಸವ ನಡೆಯುವುದು ಬೇಸಿಗೆಯಲ್ಲಿ. ಆಗ ಮಕ್ಕಳಿಗೆ ರಜೆ, ಊರಿಗೆ ಬಂದ ನೆಂಟರಿಗೆ ಬಿಡುವು. ಜೂನ್ ಬಂತೆಂದರೆ ಕೊಡಗಿನಲ್ಲಿ ಮಳೆ ಬಿಡುವುದಿಲ್ಲ. ಮೈದಾನದಲ್ಲಿ ನಿಲ್ಲುವುದೂ ಕಷ್ಟ.

ನಮ್ಮ ಸೀಮೆಯ ಲೆಕ್ಕ

ಈಗ ನಮ್ಮ ಐದು ತಾಲೂಕುಗಳಿಗೆ ಬನ್ನಿ. ಇಲ್ಲಿ ಹಾಕಿಗಿಂತ ಕಬಡ್ಡಿ, ಖೊಖೊ, ಜಾತ್ರೆಯ ಜಂಗಿ ನಿಕಾಲಿ ಕುಸ್ತಿಗಳಿಗೆ ಜನ ಸೇರುವುದು ಹೆಚ್ಚು. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 12-14 ಡಿಗ್ರಿಗೆ ಇಳಿಯುವ ದಿನಗಳು ನಮ್ಮಲ್ಲಿ ಇವೆ. ಆದರೆ ಕುಸ್ತಿ ಶುರುವಾಗುವುದು ಮಧ್ಯಾಹ್ನ. ಆ ಹೊತ್ತಿಗೆ ಅಂಗಿ ತೋಳು ಮಡಚುವಷ್ಟು ಬಿಸಿಲಿರುತ್ತದೆ. ಅಂದರೆ ನಮ್ಮ ಹಿರಿಯರು ಥರ್ಮಾಮೀಟರ್ ಇಲ್ಲದೆಯೇ ದಿನದ ಬೆಚ್ಚಗಿನ ಹೊತ್ತನ್ನು ಆರಿಸಿದ್ದಾರೆ. ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕದೇವಿ ಜಾತ್ರೆ ನಡೆಯುವುದು ಮಾಘ ಮಾಸದಲ್ಲಿ, ಭಾರತ ಹುಣ್ಣಿಮೆಗೆ. ರಾತ್ರಿ ಇನ್ನೂ ಥಂಡಿ ಇರುತ್ತದೆ. ಮಹಾರಾಷ್ಟ್ರದಿಂದಲೂ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ಜನ ಬಯಲಿನಲ್ಲೇ ಬಿಡಾರ ಹೂಡುತ್ತಾರೆ. ಥಂಡಿ ಅವರನ್ನು ತಡೆಯುವುದಿಲ್ಲ.

ಹಾಗಾದರೆ ಜನವರಿಯ ಆ ಸಂಜೆ ಕಬಡ್ಡಿ ನೋಡಲು ಜನ ಏಕೆ ಬರಲಿಲ್ಲ? ಊರ ಸುತ್ತ ಕಣ್ಣಾಡಿಸಿ. ಏನು ಕಾಣುತ್ತದೆ? ಕಬ್ಬು!

ಕಬ್ಬಿನ ಎಲೆಗಳು ಬಿಸಿಲಿನಲ್ಲಿ ಆಹಾರ ತಯಾರಿಸುತ್ತವೆ ಎಂದು ನೀವು ಓದಿದ್ದೀರಿ. ಮಳೆಗಾಲದಲ್ಲಿ ತೇವ ಮತ್ತು ಬೆಚ್ಚಗಿನ ಹವೆ ಇರುವಾಗ ಈ ಆಹಾರ ಗಿಡದ ಬೆಳವಣಿಗೆಗೇ ಬಹುಮಟ್ಟಿಗೆ ಖರ್ಚಾಗುತ್ತದೆ. ಹವೆ ತಂಪಾಗಿ ಒಣಗಿದಾಗ ಬೆಳವಣಿಗೆ ನಿಧಾನವಾಗುತ್ತದೆ. ಆಗ ಸಕ್ಕರೆ ಕಾಂಡದಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ. ಕಬ್ಬು ಮಾಗುವುದು ಎಂದರೆ ಇದೇ. ಆದ್ದರಿಂದಲೇ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯುವುದು ಚಳಿಗಾಲದಲ್ಲಿ. ಕಡಿದ ಕಬ್ಬನ್ನು ಬಹಳ ದಿನ ಇಟ್ಟುಕೊಳ್ಳುವಂತೆಯೂ ಇಲ್ಲ. ಅದು ಒಣಗಿ ತೂಕ ಕಳೆದುಕೊಳ್ಳುತ್ತದೆ, ಅದರಲ್ಲಿನ ಸಕ್ಕರೆಯೂ ಕಡಿಮೆಯಾಗುತ್ತದೆ. ಹೀಗಾಗಿ ಕಡಿಯುವವರು, ಹೊರೆ ಕಟ್ಟುವವರು, ಗಾಡಿ ಹೂಡುವವರು, ಟ್ರ್ಯಾಕ್ಟರ್ ನಡೆಸುವವರು ಎಲ್ಲರಿಗೂ ಹಗಲು ರಾತ್ರಿ ಕೆಲಸ. ನಿಪ್ಪಾಣಿ ಕಡೆ ಇದರ ಜೊತೆಗೆ ತಂಬಾಕಿನ ಕೆಲಸವೂ ಇರುತ್ತದೆ. ಕಬಡ್ಡಿ ನೋಡುವವರು ಯಾರು?

ಇಲ್ಲೊಂದು ಸ್ವಾರಸ್ಯವಿದೆ. ಅಜ್ಜನ ಮಾತು ಪೂರ್ತಿ ಸುಳ್ಳೂ ಅಲ್ಲ! ಥಂಡಿಯಿಂದ ಕಬ್ಬು ಮಾಗಿತು. ಕಬ್ಬು ಮಾಗಿದ್ದರಿಂದ ಕಟಾವು ಬಂತು. ಕಟಾವಿನಿಂದ ಬಯಲು ಖಾಲಿಯಾಯಿತು. ಥಂಡಿ ಜನರ ಮೈ ಮುಟ್ಟಿ ಅವರನ್ನು ಮನೆಯಲ್ಲಿ ಕೂರಿಸಲಿಲ್ಲ. ಅದು ಕಬ್ಬನ್ನು ಮುಟ್ಟಿ ಅವರನ್ನು ಹೊಲಕ್ಕೆ ಕಳಿಸಿತು.

ದಾರಿಯ ವಿಷಯವೂ ಇದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ಶಾಖ ಕಳೆದುಕೊಳ್ಳುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಕೃಷ್ಣಾ, ದೂಧಗಂಗಾ ನದಿಗಳ ದಂಡೆಯಲ್ಲಿ, ನೀರುಂಡ ಕಬ್ಬಿನ ಗದ್ದೆಗಳ ನಡುವೆ ಗಾಳಿಯಲ್ಲಿ ತೇವವೂ ಹೆಚ್ಚು. ಎರಡೂ ಸೇರಿದರೆ ಬೆಳಗಿನ ಮಂಜು. ಆ ಮಂಜಿನಲ್ಲೇ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು ಸಾಗುತ್ತವೆ. ಹಿಂದೆ ಹೊಳೆಯುವ ಪಟ್ಟಿ ಇಲ್ಲದ ಟ್ರೇಲರ್ ಕತ್ತಲಲ್ಲಿ ಕಾಣುವುದೇ ಇಲ್ಲ. ಪಕ್ಕದ ಊರಿನ ಪಂದ್ಯ ಮುಗಿಸಿ ರಾತ್ರಿ ಸೈಕಲ್ಲಿನಲ್ಲಿ ಬರುವುದು ಬೇಡ ಎಂದು ಅಪ್ಪ ಅನ್ನುವುದು ನೆಗಡಿಗೆ ಹೆದರಿ ಅಲ್ಲ. ನ್ಯೂಜೆರ್ಸಿಗೆ ಹಿಮ ಹೇಗೋ ನಮಗೆ ಇದು ಹಾಗೆ.

ಎಣಿಸಿ ನೋಡಿ

ಇದೆಲ್ಲ ನಾನು ಹೇಳಿದ ಮಾತು. ನಂಬುವ ಮುಂಚೆ ನೀವೇ ಎಣಿಸಿ ನೋಡಿ.

ಜನ ಗುಂಪಾಗಿ ಕುಳಿತಾಗ ಒಬ್ಬೊಬ್ಬರನ್ನೇ ಎಣಿಸುವುದು ಆಗದ ಕೆಲಸ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹರ್ಬರ್ಟ್ ಜೇಕಬ್ಸ್ ಎಂಬ ಪತ್ರಿಕೋದ್ಯಮದ ಪ್ರಾಧ್ಯಾಪಕರು ಇದಕ್ಕೆ ಸುಲಭ ಉಪಾಯ ಕಂಡುಕೊಂಡರು. ಅವರ ಕಿಟಕಿಯ ಕೆಳಗಿನ ಅಂಗಳದಲ್ಲಿ ಚೌಕಗಳ ಗೆರೆಗಳಿದ್ದವು. ಒಂದು ಚೌಕದಲ್ಲಿ ಎಷ್ಟು ಜನ ನಿಂತಿದ್ದಾರೆ ಎಂದು ಎಣಿಸಿ, ಚೌಕಗಳ ಸಂಖ್ಯೆಯಿಂದ ಗುಣಿಸಿದರು. ಅಷ್ಟೆ!

ಕುಸ್ತಿ ಕಣದ ಸುತ್ತ ಜನ ಉಂಗುರದಂತೆ ಕೂರುತ್ತಾರೆ. ಕಣದ ನಡುವಿನಿಂದ ಮೊದಲ ಸಾಲಿನವರೆಗೆ 7 ಮೀಟರ್, ಕೊನೆಯ ಸಾಲಿನವರೆಗೆ 14 ಮೀಟರ್ ಇದೆ ಎಂದಿಟ್ಟುಕೊಳ್ಳಿ. ದೊಡ್ಡ ವೃತ್ತದ ವಿಸ್ತೀರ್ಣದಲ್ಲಿ ಚಿಕ್ಕದನ್ನು ಕಳೆಯಿರಿ. 22/7 × (196 − 49) = 462 ಚದರ ಮೀಟರ್. ಒಂದು ಚದರ ಮೀಟರಿನಲ್ಲಿ 2 ಜನ ಕುಳಿತಿದ್ದರೆ ಒಟ್ಟು 924 ಜನ. ಆ '2' ಅನ್ನು ಮಾತ್ರ ಊಹಿಸಬೇಡಿ. ಐದು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಮುಂದಿನ ಸಾಲಿನವರು ಒತ್ತಾಗಿ, ಹಿಂದಿನವರು ಕಾಲು ಚಾಚಿ ಕೂರುತ್ತಾರೆ.

ಅದೇ ಹೊತ್ತಿನ ಉಷ್ಣತೆಯನ್ನೂ ಬರೆದುಕೊಳ್ಳಿ. ಪ್ರಯೋಗಾಲಯದ ಥರ್ಮಾಮೀಟರನ್ನು ನೆರಳಿನಲ್ಲಿ, ನೆಲದಿಂದ ಎದೆಯ ಎತ್ತರಕ್ಕೆ ತೂಗುಹಾಕಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ. ಅದರ ಅಳತೆ ಶುರುವಾಗುವುದೇ ಸುಮಾರು 35 ಡಿಗ್ರಿಯಿಂದ. ಜೊತೆಗೆ ವಾರ ಯಾವುದು, ಸಂತೆ ಇತ್ತೇ, ಮಂಜು ಇತ್ತೇ, ಊರಲ್ಲಿ ಕಟಾವು ನಡೆದಿತ್ತೇ ಎಂಬುದನ್ನೂ ಬರೆಯಿರಿ.

ಥಂಡಿಯನ್ನೂ ಕಬ್ಬನ್ನೂ ಬೇರೆ ಬೇರೆ ಮಾಡುವುದು ಹೇಗೆ? ಫೆಬ್ರವರಿ ಕೊನೆಯವರೆಗೆ ಕಾಯಿರಿ. ಆಗ ಥಂಡಿ ಬಿಟ್ಟಿರುತ್ತದೆ, ಕಟಾವು ಇನ್ನೂ ನಡೆದಿರುತ್ತದೆ. ಆಗಲೂ ಜನ ಕಡಿಮೆಯಿದ್ದರೆ ಕಾರಣ ಥಂಡಿ ಇರಲಾರದು. ಇನ್ನೊಂದು ದಾರಿಯೂ ಇದೆ. ಅಥಣಿ ತಾಲೂಕಿನ ಪೂರ್ವಕ್ಕೆ ಕಬ್ಬು ಕಡಿಮೆ ಇರುವ, ಮಳೆಯನ್ನೇ ನಂಬಿದ ಊರುಗಳಿವೆ. ಅಲ್ಲಿಯ ಶಾಲೆಯ ಮಕ್ಕಳಿಗೆ ಪತ್ರ ಬರೆದು ಅವರ ಲೆಕ್ಕ ತರಿಸಿಕೊಳ್ಳಿ. ಅಲ್ಲಿಯೂ ನಿಮ್ಮಷ್ಟೇ ಥಂಡಿ, ಆದರೆ ಕಬ್ಬಿಲ್ಲ.

ಕಾರಣ ತಿಳಿದು ಏನಾಗಬೇಕು ಎಂದು ಕೇಳಬೇಡಿ. ಥಂಡಿಯೇ ಕಾರಣವೆಂದು ನಂಬಿದವರು ಮುಂದಿನ ವರ್ಷ ಶಾಮಿಯಾನ ಹಾಕಿಸಿ, ಬೆಂಕಿ ಕಾಯಿಸಲು ಕಟ್ಟಿಗೆ ತರಿಸುತ್ತಾರೆ. ದುಡ್ಡು ಹೋಗುತ್ತದೆ, ಜನ ಬರುವುದಿಲ್ಲ. ಕಬ್ಬೇ ಕಾರಣವೆಂದು ತಿಳಿದವರು ಪಂದ್ಯವನ್ನು ಯುಗಾದಿಯ ಹೊತ್ತಿಗೆ ಮುಂದೂಡುತ್ತಾರೆ.

ಶಾಲೆಯ ಹಾಜರಿ ಪುಸ್ತಕವನ್ನೂ ಹೀಗೆಯೇ ನೋಡಬಹುದು. ಜನವರಿಯಲ್ಲಿ ಬಾರದ ಗೆಳೆಯನ ಬಗ್ಗೆ 'ಥಂಡಿಗೆ ಎದ್ದಿಲ್ಲ' ಎಂದು ನಕ್ಕು ಸುಮ್ಮನಾಗುತ್ತೇವೆ. ಅವನು ನಸುಕಿನಲ್ಲೇ ಎದ್ದು ಅಪ್ಪನ ಜೊತೆ ಕಬ್ಬಿನ ಹೊರೆ ಕಟ್ಟಲು ಹೋಗಿರಬಹುದು. ಅವನಿಗೆ ಬೇಕಾದದ್ದು ಸ್ವೆಟರ್ ಅಲ್ಲ. ದೂರದ ಜಿಲ್ಲೆಗಳಿಂದ ಬಂದ ಕಟಾವು ಗ್ಯಾಂಗಿನ ಜೋಪಡಿಗಳಲ್ಲಿ ನಿಮ್ಮ ವಯಸ್ಸಿನವರೇ ಇದ್ದಾರೆ. ಅವರು ಯಾವ ಶಾಲೆಯ ಪುಸ್ತಕದಲ್ಲಿ ಗೈರುಹಾಜರಾಗಿದ್ದಾರೋ! 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗು ವರ್ಷದ ನಡುವೆ ಬಂದು ಕೇಳಿದರೂ ಶಾಲೆಗೆ ಸೇರಿಸಿಕೊಳ್ಳಬೇಕು. ಈ ವಿಷಯ ಆ ಜೋಪಡಿಗಳವರೆಗೆ ತಲುಪಿದೆಯೇ ಎಂದು ನಿಮ್ಮ ಗುರುಗಳನ್ನು ಕೇಳಿ.

ಹಾಗೆಯೇ ಲೆಕ್ಕದ ಹಾಳೆಯಲ್ಲಿ ಇನ್ನೊಂದು ಅಂಕಣ ಹಾಕಿ. ಬಯಲಿಗೆ ಬಂದವರಲ್ಲಿ ಗ್ಯಾಂಗಿನ ಮಕ್ಕಳು ಎಷ್ಟು? ನೋಡಿದವರು ಎಷ್ಟು, ಆಡಿದವರು ಎಷ್ಟು? ಹಾಳೆಯನ್ನು ತರಗತಿಯ ಗೋಡೆಗೆ ಅಂಟಿಸಿ ಕಾರ್ಖಾನೆಗಳು ನಿಲ್ಲುವವರೆಗೂ ತುಂಬುತ್ತಾ ಹೋಗಿ. ಅಜ್ಜನಿಗೂ ಒಮ್ಮೆ ಓದಿ ಹೇಳಿ. ಅವರು ಕಂಡ ಚಳಿಗಾಲಗಳು ನಿಮಗಿಂತ ಬಹಳ ಹೆಚ್ಚು. ನಿಮ್ಮ ಹಾಳೆಯಲ್ಲಿ ಬಿಟ್ಟುಹೋದ ಕಾರಣವೊಂದು ಅವರಿಗೆ ಹೊಳೆದರೂ ಹೊಳೆಯಬಹುದು.